ಸೂಜಿಮೊನೆಯಷ್ಟು ಸಾಕ್ಷ್ಯ: ಹರಡಿದ ಚರ್ಮದ ಕ್ಯಾನ್ಸರಿನ ಪತ್ತೆ



ಕೆನ್ನೆಯ ಒಳಬದಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದು, ಬಂದ ಲೋಳೆಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗವನ್ನು ನಿಮ್ಮಲ್ಲಿ ಅನೇಕರು ಮಾಡಿರುತ್ತೀರಿ. ತೆಳ್ಳಗಿನ ಹಪ್ಪಳದಂತಹ ಜೀವಕೋಶ, ಅದರ ನಡುವೆ ನೀಲಿ ಚುಕ್ಕೆಯಂತಹ ಕೋಶಕೇಂದ್ರ. ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಉಪನ್ಯಾಸಕರ ಸಹಿ ಬಿದ್ದ ಮೇಲೆ ಅದನ್ನು ಮರೆಯುವುದೇ ಹೆಚ್ಚು. ಆದರೆ ಹೆಚ್ಚುಕಡಿಮೆ ಅದೇ ಪ್ರಯೋಗ, ಅಂಥದೇ ಸ್ಲೈಡು, ಅಂಥದೇ ಬಣ್ಣಗಳೊಂದಿಗೆ ನಮ್ಮ ಆಸ್ಪತ್ರೆಗಳಲ್ಲಿ ಪ್ರತಿದಿನ ನಡೆಯುತ್ತದೆ. ಅಲ್ಲಿ ಅದರ ಉತ್ತರದ ಮೇಲೆ ಒಬ್ಬ ಮನುಷ್ಯನ ಮುಂದಿನ ಚಿಕಿತ್ಸೆ, ಒಂದು ಕುಟುಂಬದ ಮುಂದಿನ ವರ್ಷಗಳು ನಿಂತಿರುತ್ತವೆ. ಚರ್ಮದಲ್ಲಿ ಹುಟ್ಟಿ ದೇಹದ ಬೇರೆ ಕಡೆಗೆ ಹರಡಿದ ಕ್ಯಾನ್ಸರನ್ನು ಒಂದು ಸಣ್ಣ ಸೂಜಿಯಿಂದ ಹೇಗೆ ಗುರುತಿಸುತ್ತಾರೆ ಎಂಬುದೇ ಇಂದಿನ ವಿಷಯ.

ನಾನು ವೈದ್ಯನಲ್ಲ. ವಿಜ್ಞಾನದ ಪದವಿ ಪಡೆದು ದೂರದರ್ಶನಕ್ಕೆ ಕಾರ್ಯಕ್ರಮ ಮಾಡುವವನು. ತಿಳಿದವರನ್ನು ಕೇಳುವುದು, ಕೇಳಿದ್ದನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ನನ್ನ ಕೆಲಸ. ಈ ವಿಷಯವನ್ನು ಪರದೆಯ ಮೇಲೆ ತೋರಿಸುವಾಗ ಒಂದು ತೊಡಕಿದೆ. ಸೂಜಿಯನ್ನು ಕ್ಯಾಮೆರಾದ ಹತ್ತಿರ ಹಿಡಿದರೆ ಅದು ಈಟಿಯಂತೆ ಕಾಣುತ್ತದೆ, ನೋಡಿದವರಿಗೆ ಭಯವಾಗುತ್ತದೆ. ಆದ್ದರಿಂದ ಅಳತೆಯನ್ನು ಇಲ್ಲಿ ಮೊದಲೇ ಬರೆದುಬಿಡುತ್ತೇನೆ. ಈ ಪರೀಕ್ಷೆಗೆ ಬಳಸುವ ೨೩ ಗೇಜಿನ ಸೂಜಿಯ ಹೊರ ವ್ಯಾಸ ಸುಮಾರು ೦.೬ ಮಿಲಿಮೀಟರ್. ರಕ್ತದಾನ ಶಿಬಿರದಲ್ಲಿ ಬಳಸುವ ೧೬ ಗೇಜಿನ ಸೂಜಿ ಸುಮಾರು ೧.೬ ಮಿಲಿಮೀಟರ್. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದು ಎಂಬುದನ್ನು ನೆನಪಿಡಿ. ರಕ್ತದಾನ ಮಾಡಿದ ನಿಮ್ಮ ಅಣ್ಣನೋ ಅಕ್ಕನೋ ಇದಕ್ಕಿಂತ ಎರಡೂವರೆ ಪಟ್ಟು ದಪ್ಪದ ಸೂಜಿಯನ್ನು ನಗುನಗುತ್ತಲೇ ಚುಚ್ಚಿಸಿಕೊಂಡಿರುತ್ತಾರೆ.

ಈಗ ರೋಗದ ಕಡೆಗೆ ಬರೋಣ. ಅಂಜನಾಪುರದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ತಮ್ಮ ಊರಿನ ಹೆಸರಿನಿಂದಲೇ ಈ ಪಾಠವನ್ನು ಆರಂಭಿಸಬಹುದು. ಅಂಜನವೆಂದರೆ ಕಾಡಿಗೆ, ಕಪ್ಪು. ಗ್ರೀಕ್ ಭಾಷೆಯಲ್ಲಿ ಕಪ್ಪಿಗೆ ‘ಮೆಲಾಸ್’ ಎನ್ನುತ್ತಾರೆ. ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ವರ್ಣದ್ರವ್ಯಕ್ಕೆ ಮೆಲನಿನ್ ಎಂಬ ಹೆಸರು ಬಂದದ್ದು ಅದರಿಂದಲೇ. ಹೊರಚರ್ಮದ ತಳಪದರದಲ್ಲಿರುವ ಮೆಲನೊಸೈಟ್ ಎಂಬ ಜೀವಕೋಶಗಳು ಈ ಮೆಲನಿನ್ನನ್ನು ತಯಾರಿಸಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಬಿಳಿಯರಲ್ಲಿಯೂ ನಮ್ಮಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ.

ಈ ಮೆಲನೊಸೈಟುಗಳು ಹತೋಟಿ ತಪ್ಪಿ ಬೆಳೆದಾಗ ಉಂಟಾಗುವ ಕ್ಯಾನ್ಸರಿಗೆ ಮೆಲನೋಮಾ ಎನ್ನುತ್ತಾರೆ. ಇದನ್ನು ಪ್ರತ್ಯೇಕ ರೋಗವೆಂದು ಮೊದಲು ವಿವರಿಸಿದವರು ಫ್ರಾನ್ಸಿನ ರೆನೆ ಲೆನೆಕ್, ೧೮೦೪ರಲ್ಲಿ. ಹನ್ನೆರಡು ವರ್ಷಗಳ ನಂತರ ಸ್ಟೆತಸ್ಕೋಪನ್ನು ಕಂಡುಹಿಡಿದವರೂ ಅವರೇ. ಚರ್ಮದ ಕ್ಯಾನ್ಸರುಗಳಲ್ಲಿ ಇನ್ನೂ ಬಗೆಗಳಿವೆ. ಹಳೆಯ ಸುಟ್ಟಗಾಯದ ಕಲೆಯ ಮೇಲೆ ವರ್ಷಾನುಗಟ್ಟಲೆ ಮಾಯದೆ ಉಳಿದ ಹುಣ್ಣಿನಲ್ಲಿ ಹುಟ್ಟುವ ಕ್ಯಾನ್ಸರು ಅಂಥದೊಂದು. ಆದರೆ ಬೇಗ ಹರಡುವ ಗುಣದಿಂದಾಗಿ ಮೆಲನೋಮಾ ಹೆಚ್ಚು ಅಪಾಯಕಾರಿ.

ಹೆಚ್ಚು ಮೆಲನಿನ್ ಇರುವ ನಮ್ಮ ಚರ್ಮಕ್ಕೆ ಬಿಸಿಲಿನಿಂದ ಒಂದು ಮಟ್ಟದ ರಕ್ಷಣೆಯಿದೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯಲ್ಲಿ ಮೆಲನೋಮಾ ಕಂಡುಬಂದರೆ, ನಮ್ಮ ದೇಶದ ಕ್ಯಾನ್ಸರ್ ನೋಂದಣಿಗಳಲ್ಲಿ ಆ ಸಂಖ್ಯೆ ಒಂದಕ್ಕಿಂತ ಕಡಿಮೆ. ಹಾಗಾದರೆ ನಮಗೇಕೆ ಚಿಂತೆ ಎಂದು ನೀವು ಕೇಳಬಹುದು. ವಿರಳವಾಗಿರುವುದೇ ಚಿಂತೆಗೆ ಕಾರಣ. ಯಾರೂ ನಿರೀಕ್ಷಿಸದ ರೋಗವನ್ನು ಯಾರೂ ಹುಡುಕುವುದಿಲ್ಲ. ಜೊತೆಗೆ, ನಮ್ಮವರಲ್ಲಿ ಇದು ಬಿಸಿಲು ಬೀಳುವ ಮುಖದಲ್ಲೋ ಬೆನ್ನಿನಲ್ಲೋ ಬರುವುದಕ್ಕಿಂತ ಅಂಗಾಲು, ಅಂಗೈ, ಉಗುರಿನ ಅಡಿ, ಬಾಯಿಯ ಒಳಪದರ, ಗುದದ್ವಾರದಂತಹ ಕಡೆ ಬರುವುದು ಹೆಚ್ಚು. ಇವು ಬಿಸಿಲು ಕಾಣದ ಜಾಗಗಳು. ನಾವೂ ನೋಡಿಕೊಳ್ಳದ ಜಾಗಗಳು. ಅಂಗಾಲಿನ ಕಪ್ಪು ಮಚ್ಚೆಯನ್ನು ‘ಆಣಿ ಇರಬೇಕು’ ಎನ್ನುತ್ತೇವೆ. ಉಗುರಿನ ಅಡಿಯ ಕಪ್ಪನ್ನು ‘ಎಲ್ಲೋ ಎಡವಿದೆ, ರಕ್ತ ಕಟ್ಟಿದೆ’ ಎನ್ನುತ್ತೇವೆ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಯವರ ಕಾಲಿನ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ ೧೯೭೭ರಲ್ಲಿ ಪತ್ತೆಯಾದದ್ದು ಇದೇ ಬಗೆಯ ಮೆಲನೋಮಾ. ೧೯೮೧ರಲ್ಲಿ, ೩೬ನೆಯ ವಯಸ್ಸಿನಲ್ಲಿ, ರೋಗ ದೇಹದಲ್ಲೆಲ್ಲ ಹರಡಿ ಅವರು ತೀರಿಕೊಂಡರು.

ಹರಡುವುದು ಎಂದರೇನು? ರಕ್ತನಾಳಗಳ ಜೊತೆಗೆ ನಮ್ಮ ದೇಹದಲ್ಲಿ ಇನ್ನೊಂದು ನಾಳಜಾಲವಿದೆ. ಅದರಲ್ಲಿ ದುಗ್ಧರಸ ಎಂಬ ತಿಳಿದ್ರವ ಹರಿಯುತ್ತದೆ. ದಾರಿಯುದ್ದಕ್ಕೂ ಅವರೆಕಾಳಿನಾಕಾರದ ಸಣ್ಣ ಗ್ರಂಥಿಗಳಿವೆ, ಇವೇ ದುಗ್ಧಗ್ರಂಥಿಗಳು. ಕೆರೆಗೆ ಬರುವ ನೀರನ್ನು ಜಾಲರಿ ಸೋಸುವಂತೆ ಇವು ದುಗ್ಧರಸವನ್ನು ಸೋಸುತ್ತವೆ. ಅಂಗಾಲಿನ ದುಗ್ಧರಸ ಬಹುಪಾಲು ತೊಡೆಸಂದಿನ ಗ್ರಂಥಿಗಳಿಗೆ, ಅಂಗೈಯದು ಕಂಕುಳಿನ ಗ್ರಂಥಿಗಳಿಗೆ, ಮುಖದ್ದು ಕುತ್ತಿಗೆಯ ಗ್ರಂಥಿಗಳಿಗೆ ಬರುತ್ತದೆ. ಅಂಗಾಲಿನ ಮೆಲನೋಮಾದಿಂದ ಕಳಚಿಕೊಂಡ ಕೋಶಗಳು ಈ ದಾರಿಯಲ್ಲಿ ಬಂದು ತೊಡೆಸಂದಿನ ಗ್ರಂಥಿಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಬೆಳೆಯತೊಡಗುತ್ತವೆ. ಗ್ರಂಥಿ ಗಟ್ಟಿಯಾಗಿ ಊದಿಕೊಳ್ಳುತ್ತದೆ. ಅಲ್ಲಿಂದಲೋ, ನೇರವಾಗಿ ರಕ್ತದ ಮೂಲಕವೋ ಮುಂದೆ ಶ್ವಾಸಕೋಶ, ಯಕೃತ್ತು, ಮೆದುಳಿಗೆ ಹೋಗಬಹುದು.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ನಿಮ್ಮ ಸೋದರಮಾವನಿಗೆ ಐವತ್ತೈದು ವರ್ಷ. ತೊಡೆಸಂದಿನಲ್ಲಿ ಗಜ್ಜುಗದ ಕಾಯಷ್ಟು ಗಂಟು. ನೋವಿಲ್ಲ, ಜ್ವರವಿಲ್ಲ. ಎರಡು ತಿಂಗಳಿಂದ ಇದೆ, ನಿಧಾನವಾಗಿ ದೊಡ್ಡದಾಗುತ್ತಿದೆ. ಈ ಗಂಟು ಏನು? ಕಾಲಿನ ಗಾಯದ ಸೋಂಕಿನಿಂದ ಗ್ರಂಥಿ ಊದಿರಬಹುದು. ಕ್ಷಯ ಇರಬಹುದು, ನಮ್ಮ ದೇಶದಲ್ಲಿ ದುಗ್ಧಗ್ರಂಥಿ ಊದಲು ಅದೊಂದು ಸಾಮಾನ್ಯ ಕಾರಣ. ದುಗ್ಧಗ್ರಂಥಿಯದೇ ಕ್ಯಾನ್ಸರ್ ಆಗಿರಬಹುದು. ಬೇರೆ ಕಡೆಯಿಂದ ಬಂದ ಕ್ಯಾನ್ಸರೂ ಆಗಿರಬಹುದು. ಕೈಯಿಂದ ಮುಟ್ಟಿ ನೋಡಿ ಇವುಗಳಲ್ಲಿ ಯಾವುದು ಎಂದು ಖಚಿತವಾಗಿ ಹೇಳಲು ಎಂಥ ಅನುಭವಿ ವೈದ್ಯರಿಗೂ ಆಗುವುದಿಲ್ಲ. ಊಹೆಯ ಮೇಲೆ ಕ್ಷಯದ ಔಷಧ ಆರಂಭಿಸಿದರೆ ಅದರ ಅವಧಿಯೇ ಕನಿಷ್ಠ ಆರು ತಿಂಗಳು. ಗಂಟು ಮೆಲನೋಮಾದ್ದಾಗಿದ್ದರೆ ಆ ಆರು ತಿಂಗಳು ಹಿಂದಕ್ಕೆ ಬರುವುದಿಲ್ಲ. ಹಾಗೆಂದು ಪ್ರತಿ ಗಂಟನ್ನೂ ಶಸ್ತ್ರಚಿಕಿತ್ಸೆ ಮಾಡಿ ತೆಗೆದು ನೋಡುವುದೂ ಸರಿಯಲ್ಲ. ಸೂಜಿಯ ಅಗತ್ಯ ಬರುವುದು ಇಲ್ಲಿಯೇ.

ಅನ್ನ ಬೆಂದಿದೆಯೇ ಎಂದು ನೋಡಲು ಅಮ್ಮ ಇಡೀ ಪಾತ್ರೆಯನ್ನು ಬಗ್ಗಿಸುವುದಿಲ್ಲ. ಒಂದಗುಳು ಹಿಸುಕಿ ನೋಡುತ್ತಾಳೆ. ಯಶವಂತಪುರದ ಮಂಡಿಯಲ್ಲಿ ಮೂಟೆ ಬಿಚ್ಚದೆ, ಚೂಪಾದ ಟೊಳ್ಳು ಸಲಾಕೆಯೊಂದನ್ನು ಚುಚ್ಚಿ, ಅದರಲ್ಲಿ ಬಂದ ಹಿಡಿ ಕಾಳಿನಿಂದ ಮಾಲಿನ ಗುಣ ಹೇಳುತ್ತಾರೆ. ವೈದ್ಯರೂ ಇದನ್ನೇ ಮಾಡಿದರು. ೧೯೦೪ರಲ್ಲಿ ಆಫ್ರಿಕಾದಲ್ಲಿ ನಿದ್ರಾರೋಗದ ಪರೋಪಜೀವಿಯನ್ನು ಹುಡುಕಲು ಗ್ರೇಗ್ ಮತ್ತು ಗ್ರೇ ಎಂಬ ಸೇನಾ ವೈದ್ಯರು ದುಗ್ಧಗ್ರಂಥಿಗೆ ಸೂಜಿ ಹಾಕಿ ದ್ರವ ಎಳೆದು ನೋಡಿದರು. ೧೯೩೦ರಲ್ಲಿ ನ್ಯೂಯಾರ್ಕಿನ ಮೆಮೊರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಕ್ಯಾನ್ಸರ್ ಗಡ್ಡೆಗಳ ಸೂಜಿ ಪರೀಕ್ಷೆಯ ಬಗ್ಗೆ ಬರೆದರು. ಅವರ ಸೂಜಿ ೧೮ ಗೇಜಿನದು, ಸ್ವಲ್ಪ ದಪ್ಪ. ಆಗ ಬಹಳ ಮಂದಿ ಇದನ್ನು ನಂಬಲಿಲ್ಲ. ೧೯೫೦ರ ನಂತರ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸಿಕ್ಸ್‌ಟನ್ ಫ್ರಾನ್ಸೆನ್, ಜೋಸೆಫ್ ಜಾಯಿಚೆಕ್ ಮೊದಲಾದವರು ಸಣ್ಣ ಸೂಜಿಯಿಂದಲೇ ಸಾವಿರಾರು ರೋಗಿಗಳನ್ನು ಪರೀಕ್ಷಿಸಿ, ಸೂಜಿಯ ಉತ್ತರವನ್ನು ಶಸ್ತ್ರಚಿಕಿತ್ಸೆಯ ನಂತರದ ಉತ್ತರದೊಂದಿಗೆ ತಾಳೆ ನೋಡಿ, ಈ ವಿಧಾನವನ್ನು ಗಟ್ಟಿಯಾದ ನೆಲೆಯ ಮೇಲೆ ನಿಲ್ಲಿಸಿದರು. ಇಂದು ನಮ್ಮ ಆಸ್ಪತ್ರೆಗಳ ಚೀಟಿಯಲ್ಲಿ ‘ಎಫ್.ಎನ್.ಎ.ಸಿ.’ ಎಂದು ಬರೆಯುವುದು ಇದನ್ನೇ. ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಎಳೆದು ನೋಡುವ ಪರೀಕ್ಷೆ ಎಂಬುದು ಅದರ ಅರ್ಥ.

ಪರೀಕ್ಷೆ ನಡೆಯುವ ಬಗೆ ಹೀಗೆ. ರೋಗಿಯನ್ನು ಮಲಗಿಸಿ, ಗಂಟಿನ ಮೇಲಿನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸುತ್ತಾರೆ. ವೈದ್ಯರು ಒಂದು ಕೈಯ ಎರಡು ಬೆರಳುಗಳ ನಡುವೆ ಗಂಟನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಸಿರಿಂಜಿಗೆ ಜೋಡಿಸಿದ ಸೂಜಿಯನ್ನು ಒಳಗೆ ಇಳಿಸುತ್ತಾರೆ. ಕೈಗೆ ಸಿಗುವ ಗಂಟಿಗೆ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಆಳದಲ್ಲಿರುವ ಗಂಟಾದರೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿ ಹಾಕುತ್ತಾರೆ. ಸೂಜಿ ಒಳಗಿರುವಾಗ ಸಿರಿಂಜಿನ ದಂಡವನ್ನು ಹಿಂದಕ್ಕೆ ಎಳೆದರೆ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಹಾಗೆ ಹಿಡಿದೇ ಸೂಜಿಯನ್ನು ಕೆಲವು ಬಾರಿ ಹಿಂದೆ ಮುಂದೆ ಆಡಿಸುತ್ತಾರೆ. ಸೂಜಿಯ ಓರೆಮೊನೆ ಕೋಶಗಳ ಸಣ್ಣ ಗುಂಪುಗಳನ್ನು ಬಿಡಿಸುತ್ತದೆ. ಕಡಿಮೆ ಒತ್ತಡ ಅವನ್ನು ಸೂಜಿಯ ಕೊಳವೆಯೊಳಕ್ಕೆ ಸೆಳೆಯುತ್ತದೆ. ಸೂಜಿಯನ್ನು ಹೊರತೆಗೆಯುವ ಮುನ್ನ ದಂಡವನ್ನು ಬಿಟ್ಟು ಒತ್ತಡವನ್ನು ಸಮಗೊಳಿಸಬೇಕು. ಇಲ್ಲದಿದ್ದರೆ ಹೊರಬಂದ ಕ್ಷಣ ಗಾಳಿ ನುಗ್ಗಿ, ಸೂಜಿಯಲ್ಲಿದ್ದ ಮಾದರಿಯೆಲ್ಲ ಸಿರಿಂಜಿನೊಳಗೆ ಚಿಮ್ಮಿಹೋಗುತ್ತದೆ. ನೀವು ಭೌತಶಾಸ್ತ್ರದಲ್ಲಿ ಓದಿದ ಒತ್ತಡದ ಪಾಠ ಇಲ್ಲಿ ಕೆಲಸಕ್ಕೆ ಬಂತಲ್ಲವೇ? ಇಷ್ಟಕ್ಕೂ ಹಿಡಿಯುವುದು ಒಂದು ನಿಮಿಷಕ್ಕೂ ಕಡಿಮೆ. ಆಮೇಲೆ ಹತ್ತಿಯಿಂದ ಐದಾರು ನಿಮಿಷ ಒತ್ತಿ ಹಿಡಿದರೆ ಮುಗಿಯಿತು. ರೋಗಿ ನಡೆದೇ ಮನೆಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಮಾತ್ರ ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಸೂಜಿಯ ಒಳಗಿನ ರಂಧ್ರ ಸುಮಾರು ೦.೩ ಮಿಲಿಮೀಟರ್. ಒಂದು ಮೆಲನೋಮಾ ಕೋಶದ ಅಗಲ ೦.೦೨ ಮಿಲಿಮೀಟರ್ ಎಂದಿಟ್ಟುಕೊಂಡರೆ, ಆ ರಂಧ್ರದಲ್ಲಿ ಹದಿನೈದು ಕೋಶಗಳು ಸಾಲಾಗಿ ನಿಲ್ಲಬಹುದು. ಆದ್ದರಿಂದ ಬರುವ ಮಾದರಿ ಒಂದು ಹನಿಯೂ ಇರುವುದಿಲ್ಲ. ಆದರೆ ಆ ಅರೆಹನಿಯಲ್ಲಿಯೇ ಸಾವಿರಾರು ಕೋಶಗಳಿರುತ್ತವೆ. ಅದನ್ನು ಸ್ಲೈಡುಗಳ ಮೇಲೆ ತೆಳ್ಳಗೆ ಸವರುತ್ತಾರೆ. ಮೆಲನೋಮಾ ಆಗಿದ್ದರೆ ಕೆಲವೊಮ್ಮೆ ಬರಿಗಣ್ಣಿಗೇ ಸುಳಿವು ಸಿಗುತ್ತದೆ: ಸ್ಲೈಡಿನ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಬಳಿತ. ಹಿಂದೆ ನಮ್ಮ ಊರುಗಳಲ್ಲಿ ಕಳೆದುಹೋದ ವಸ್ತುವನ್ನು ಪತ್ತೆಮಾಡಲು ವೀಳ್ಯದೆಲೆಯ ಮೇಲೆ ಅಂಜನ ಹಾಕಿ ನೋಡುವವರಿದ್ದರು. ಅಲ್ಲಿ ಕಂಡದ್ದು ಅಂಜನ ಹಾಕಿದವನಿಗೆ ಮಾತ್ರ ಕಾಣುತ್ತಿತ್ತು. ಇಲ್ಲಿ ಹಾಗಲ್ಲ. ಒಬ್ಬರು ನೋಡಿದ ಸ್ಲೈಡನ್ನು ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಹತ್ತು ವರ್ಷಗಳ ನಂತರವೂ ನೋಡಿ ಒಪ್ಪಬಹುದು ಅಥವಾ ಒಪ್ಪದಿರಬಹುದು. ವಿಜ್ಞಾನದ ಬಲ ಇರುವುದು ಇದರಲ್ಲಿ.

ಕೆಲವು ಸ್ಲೈಡುಗಳನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸಾ ವರ್ಗದ ಬಣ್ಣ ಹಾಕುತ್ತಾರೆ. ಜರ್ಮನಿಯ ಗುಸ್ತಾವ್ ಗೀಮ್ಸಾ ಇದನ್ನು ರೂಪಿಸಿದ್ದು ಮಲೇರಿಯಾ ಪರೋಪಜೀವಿಯನ್ನು ಕಾಣಲು. ಇನ್ನು ಕೆಲವನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದಿ ಪಾಪನಿಕೊಲಾವ್ ಬಣ್ಣ ಹಾಕುತ್ತಾರೆ. ಒಂದರಲ್ಲಿ ಕೋಶರಸ ಚೆನ್ನಾಗಿ ಕಂಡರೆ ಇನ್ನೊಂದರಲ್ಲಿ ಕೋಶಕೇಂದ್ರದ ವಿವರ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಸೂಕ್ಷ್ಮದರ್ಶಕದಲ್ಲಿ ರೋಗಶಾಸ್ತ್ರಜ್ಞರು ಏನನ್ನು ಹುಡುಕುತ್ತಾರೆ? ಆರೋಗ್ಯವಾದ ಗ್ರಂಥಿಯಲ್ಲಿ ಇರಬೇಕಾದದ್ದು ಮುಖ್ಯವಾಗಿ ಸಣ್ಣ ಲಿಂಫೊಸೈಟುಗಳು. ಅವುಗಳ ನಡುವೆ ಒಂದಕ್ಕೊಂದು ಅಂಟಿಕೊಳ್ಳದೆ ಚದುರಿದ ದೊಡ್ಡ ದೊಡ್ಡ ಕೋಶಗಳು; ಅವುಗಳ ಕೋಶಕೇಂದ್ರದಲ್ಲಿ ಎದ್ದು ಕಾಣುವ ಕಿರುಕೇಂದ್ರ; ಕೆಲವು ಕೋಶಗಳಲ್ಲಿ ಕನ್ನಡಿಯ ಮುಂದೆ ನಿಂತಂತೆ ಅಕ್ಕಪಕ್ಕ ಎರಡು ಕೋಶಕೇಂದ್ರಗಳು; ಕೋಶರಸದಲ್ಲಿ ಕಂದು ಅಥವಾ ಕಪ್ಪು ಮೆಲನಿನ್ನಿನ ಹುಡಿ. ಇವೆಲ್ಲ ಒಟ್ಟಿಗೆ ಕಂಡರೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆಯೇ. ತೊಡೆಸಂದಿನ ಗ್ರಂಥಿಯಲ್ಲಿ ಇಂತಹ ಕೋಶಗಳಿಗೆ ಏನೂ ಕೆಲಸವಿಲ್ಲ. ಅವು ಬೇರೆ ಕಡೆಯಿಂದ ಬಂದವು.

ಎಲ್ಲ ಸಲವೂ ಕೆಲಸ ಇಷ್ಟು ಸುಲಭವಲ್ಲ. ಬಣ್ಣವನ್ನೇ ತಯಾರಿಸದ ಮೆಲನೋಮಾಗಳಿವೆ. ಅವು ಬೇರೆ ಕ್ಯಾನ್ಸರುಗಳ ವೇಷ ಹಾಕುವುದರಲ್ಲಿ ಚತುರ. ಇನ್ನೊಂದು ಕಡೆ, ಹಚ್ಚೆಯ ಬಣ್ಣವೋ ಹಳೆಯ ರಕ್ತಸ್ರಾವದ ಕಬ್ಬಿಣವೋ ಗ್ರಂಥಿಯ ಆರೋಗ್ಯವಂತ ಕೋಶಗಳಲ್ಲಿ ಸೇರಿಕೊಂಡು ಮೆಲನಿನ್ನಿನಂತೆ ಕಾಣಬಹುದು. ಆದ್ದರಿಂದ ಕಪ್ಪು ಕಂಡದ್ದೆಲ್ಲ ಮೆಲನೋಮಾ ಅಲ್ಲ. ಕಪ್ಪು ಇಲ್ಲದ್ದೆಲ್ಲ ಬೇರೆ ರೋಗವೂ ಅಲ್ಲ. ಸಂದೇಹ ಬಂದಾಗ ಎಸ್-೧೦೦, ಎಚ್‌ಎಂಬಿ-೪೫, ಮೆಲಾನ್-ಎ ಎಂಬ ಪ್ರೋಟೀನು ಗುರುತುಗಳನ್ನು ಪ್ರತಿಕಾಯಗಳ ಸಹಾಯದಿಂದ ಹುಡುಕುತ್ತಾರೆ. ಸೂಜಿಯಿಂದ ಬಂದ ಮಾದರಿಯ ಒಂದು ಪಾಲನ್ನು ಮೇಣದ ಅಚ್ಚಿನಲ್ಲಿ ಹಾಕಿಟ್ಟರೆ ಈ ಪರೀಕ್ಷೆಗಳಿಗೂ, ವಂಶವಾಹಿಗಳ ಪರೀಕ್ಷೆಗೂ ಅದು ಒದಗುತ್ತದೆ.

ಈ ಪರೀಕ್ಷೆಯನ್ನು ಎಷ್ಟು ನಂಬಬಹುದು? ಹರಡಿದ ಮೆಲನೋಮಾದ ಸೂಜಿ ಪರೀಕ್ಷೆಯ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೩ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನಿಜವಾಗಿ ರೋಗವಿದ್ದ ನೂರು ಮಂದಿಯಲ್ಲಿ ಸುಮಾರು ೯೭ ಮಂದಿಯಲ್ಲಿ ಸೂಜಿ ಅದನ್ನು ಹಿಡಿಯುತ್ತದೆ. ರೋಗವಿಲ್ಲದ ನೂರು ಮಂದಿಯಲ್ಲಿ ಸುಮಾರು ೯೯ ಮಂದಿಗೆ ‘ಇಲ್ಲ’ ಎಂದೇ ಹೇಳುತ್ತದೆ. ಬಹಳ ಒಳ್ಳೆಯ ಅಂಕಗಳು, ನಿಜ. ಆದರೆ ಆ ಉಳಿದ ಮೂವರನ್ನು ಮರೆಯಬೇಡಿ. ಅವರಲ್ಲಿ ರೋಗವಿತ್ತು, ಸೂಜಿ ಗ್ರಂಥಿಯ ಆರೋಗ್ಯವಂತ ಮೂಲೆಗೆ ಹೋಗಿತ್ತು, ಅಥವಾ ಸಾಕಷ್ಟು ಕೋಶಗಳು ಬಂದಿರಲಿಲ್ಲ. ಒಂದಗುಳು ಬೆಂದಿದ್ದರೆ ಅನ್ನ ಬೆಂದಿದೆ ಎನ್ನುವ ಲೆಕ್ಕ, ಪಾತ್ರೆಯ ಎಲ್ಲ ಕಡೆಗೂ ಒಂದೇ ಉರಿ ತಾಗಿದ್ದರೆ ಮಾತ್ರ ಸರಿ. ಆದ್ದರಿಂದ ಈ ಪರೀಕ್ಷೆಯಲ್ಲಿ ‘ಇದೆ’ ಎಂಬ ಉತ್ತರಕ್ಕೆ ಇರುವಷ್ಟು ತೂಕ ‘ಇಲ್ಲ’ ಎಂಬ ಉತ್ತರಕ್ಕೆ ಇಲ್ಲ. ಸೂಜಿ ‘ಇಲ್ಲ’ ಎಂದ ಮೇಲೂ ಗಂಟು ಬೆಳೆಯುತ್ತಿದ್ದರೆ ಮತ್ತೆ ಪರೀಕ್ಷೆ ಮಾಡಬೇಕು, ಬೇಕಾದರೆ ಗ್ರಂಥಿಯನ್ನೇ ತೆಗೆದು ನೋಡಬೇಕು. ಈ ಒಂದು ಮಾತನ್ನು ಮಾತ್ರ ನೆನಪಿಟ್ಟುಕೊಂಡರೂ ಈ ಭಾಷಣ ಓದಿದ್ದು ಸಾರ್ಥಕ.

ಇನ್ನೊಂದು ಮಿತಿಯಿದೆ. ಅಂಗಾಲಿನ ಮೂಲ ಮಚ್ಚೆಗೆ ಸೂಜಿ ಪರೀಕ್ಷೆ ತಕ್ಕದ್ದಲ್ಲ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಸೂಜಿ ಪಾತ್ರಧಾರಿಗಳ ಬಿಡಿ ಬಿಡಿ ಮುಖಗಳನ್ನು ತೋರಿಸುತ್ತದೆ. ಅವರು ರಂಗದ ಮೇಲೆ ಯಾರು ಎಲ್ಲಿ ನಿಂತಿದ್ದರು ಎಂಬುದನ್ನು ತೋರಿಸುವುದಿಲ್ಲ. ಮೂಲ ಮಚ್ಚೆಯಲ್ಲಿ ಮುಖ್ಯವಾದ ಪ್ರಶ್ನೆ, ರೋಗ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೊ ೧೯೭೦ರಲ್ಲಿ ತೋರಿಸಿಕೊಟ್ಟಂತೆ, ಮಿಲಿಮೀಟರಿನಲ್ಲಿ ಅಳೆಯುವ ಆ ದಪ್ಪವೇ ರೋಗದ ಮುಂದಿನ ಹಾದಿಯನ್ನು ಹೆಚ್ಚು ನಿಖರವಾಗಿ ಸೂಚಿಸುತ್ತದೆ. ಅದಕ್ಕೆ ಮಚ್ಚೆಯನ್ನು ಚರ್ಮದ ಪದರಗಳ ಸಮೇತ ಕತ್ತರಿಸಿ ನೋಡಬೇಕು. ಗ್ರಂಥಿ ಊದಿಲ್ಲದಿದ್ದರೂ ಅದರಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ರೋಗವಿರಬಹುದು ಎನಿಸಿದಾಗಲೂ ಸೂಜಿ ಸಾಲದು. ಮಚ್ಚೆಯ ಜಾಗದಿಂದ ದುಗ್ಧರಸ ಮೊದಲು ಹೋಗಿ ಸೇರುವ ‘ಕಾವಲು ಗ್ರಂಥಿ’ಯನ್ನು ನೀಲಿ ಬಣ್ಣದ ಸಹಾಯದಿಂದ ಗುರುತಿಸಿ ತೆಗೆಯುವ ವಿಧಾನವನ್ನು ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದರು. ಕೈಗೆ ಸಿಗುವ ಗಂಟಿಗೆ ಸೂಜಿ, ಕೈಗೆ ಸಿಗದ ಸಂದೇಹಕ್ಕೆ ಕಾವಲು ಗ್ರಂಥಿ, ಮೂಲ ಮಚ್ಚೆಗೆ ಪೂರ್ಣ ಬಯಾಪ್ಸಿ. ಈ ಮೂರರ ಕೆಲಸವೂ ಬೇರೆ ಬೇರೆ.

ಈಗ ನಮ್ಮ ಮನೆಗಳಲ್ಲಿ ಕೇಳಿಬರುವ ಒಂದು ಮಾತನ್ನು ಎದುರಿಸಬೇಕು. ‘ಸೂಜಿ ಚುಚ್ಚಿಸಬೇಡಿ, ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ.’ ಇದನ್ನು ಹೇಳುವವರು ಕೆಟ್ಟವರಲ್ಲ, ಹೆದರಿದವರು. ಸೂಜಿ ಹಾಕಿಸಿದ ಕೆಲವು ತಿಂಗಳಿಗೆ ರೋಗಿ ತೀರಿಕೊಂಡದ್ದನ್ನು ಅವರು ಕಂಡಿರುತ್ತಾರೆ, ಎರಡನ್ನೂ ಜೋಡಿಸಿರುತ್ತಾರೆ. ಆದರೆ ಒಂದರ ನಂತರ ಇನ್ನೊಂದು ಆಯಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಗ್ರಂಥಿಯಲ್ಲಿ ಮೆಲನೋಮಾ ಕೋಶಗಳು ಸಿಕ್ಕವೆಂದರೆ ರೋಗ ಸೂಜಿಗಿಂತ ಮೊದಲೇ ಹರಡಿದೆ ಎಂದೇ ಅರ್ಥ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆದದ್ದು ವೈದ್ಯಕೀಯ ಸಾಹಿತ್ಯದಲ್ಲಿ ಅತ್ಯಂತ ವಿರಳವಾಗಿ ದಾಖಲಾಗಿದೆ. ಪರೀಕ್ಷೆಯನ್ನು ತಪ್ಪಿಸಿ ಕಾಲ ಕಳೆದದ್ದರಿಂದ ರೋಗ ಬೆಳೆದದ್ದು ಮಾತ್ರ ವಿರಳವಲ್ಲ. ಅಜ್ಜಿಯೋ ಅತ್ತೆಯೋ ಈ ಮಾತು ಹೇಳಿದಾಗ ‘ನಿಮಗೇನು ಗೊತ್ತು’ ಎಂದು ಸಿಡುಕಬೇಡಿ. ಸೂಜಿಯ ಅಳತೆ ಹೇಳಿ, ರಕ್ತದಾನದ ಸೂಜಿಯ ಜೊತೆ ಹೋಲಿಸಿ, ಜೊತೆಯಲ್ಲಿ ನಾನೂ ಬರುತ್ತೇನೆ ಎನ್ನಿ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಅಂಜನಾಪುರದಿಂದ ಕನಕಪುರ ರಸ್ತೆಗೆ ಬಂದು, ಬನಶಂಕರಿ, ಜಯನಗರ ದಾಟಿ ಹೊಸೂರು ರಸ್ತೆಗೆ ಹೋದರೆ ನಿಮ್ಹಾನ್ಸ್ ಪಕ್ಕದಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ. ೧೯೭೩ರಲ್ಲಿ ಆರಂಭವಾಗಿ ೧೯೮೦ರಲ್ಲಿ ಸ್ವಾಯತ್ತ ಸಂಸ್ಥೆಯಾದ ಈ ಆಸ್ಪತ್ರೆಗೆ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ, ನೆರೆಯ ಆಂಧ್ರ, ತಮಿಳುನಾಡುಗಳಿಂದಲೂ ರೋಗಿಗಳು ಬರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ೧೯೮೨ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿರುವುದೂ ಇಲ್ಲಿಯೇ. ನೋಂದಣಿಯ ಸಿಬ್ಬಂದಿ ನಗರದ ಆಸ್ಪತ್ರೆಗಳಿಗೆ, ಪ್ರಯೋಗಾಲಯಗಳಿಗೆ ತಾವೇ ಹೋಗಿ ದಾಖಲೆಗಳನ್ನು ಸಂಗ್ರಹಿಸುತ್ತಾರೆ. ಒಂದು ಲಕ್ಷ ಜನರಲ್ಲಿ ಇಷ್ಟು ಮಂದಿಗೆ ಈ ರೋಗ ಎಂದು ನಾನು ಹೇಳುವ ಪ್ರತಿ ಅಂಕಿಯ ಹಿಂದೆ ಯಾರೋ ಒಬ್ಬರ ಸ್ಲೈಡು, ಅದನ್ನು ನೋಡಿದ ಒಬ್ಬ ವೈದ್ಯರ ಕಣ್ಣು, ಅದನ್ನು ಬರೆದುಕೊಂಡ ಒಬ್ಬ ಗುಮಾಸ್ತರ ಕೈ ಇದೆ.

ವರದಿ ಬಂದಾಗ ಮನೆಯಲ್ಲಿ ಅದನ್ನು ಮೊದಲು ಓದುವವರು ಬಹುಶಃ ನೀವೇ. ದುಗ್ಧಗ್ರಂಥಿಯ ಸೂಜಿ ಪರೀಕ್ಷೆಯ ಉತ್ತರಗಳನ್ನು ೨೦೨೦ರಲ್ಲಿ ಪ್ರಕಟವಾದ ಸಿಡ್ನಿ ಪದ್ಧತಿಯಲ್ಲಿ ಐದು ವರ್ಗಗಳಾಗಿ ವಿಂಗಡಿಸಿದ್ದಾರೆ: ಮಾದರಿ ಸಾಲದು, ಅಪಾಯವಿಲ್ಲದ್ದು, ಖಚಿತವಾಗಿ ಹೇಳಲಾಗದ ವ್ಯತ್ಯಾಸವಿದೆ, ಕ್ಯಾನ್ಸರಿನ ಸಂದೇಹವಿದೆ, ಕ್ಯಾನ್ಸರ್ ಇದೆ. ‘ಮಾದರಿ ಸಾಲದು’ ಎಂದರೆ ರೋಗವಿಲ್ಲ ಎಂದಲ್ಲ; ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು ಎಂದು. ‘ಸಂದೇಹವಿದೆ’ ಎಂದರೆ ತೀರ್ಮಾನವಲ್ಲ. ಮುಂದಿನ ಪರೀಕ್ಷೆಗೆ ಕರೆ. ಇಷ್ಟು ತಿಳಿದಿದ್ದರೆ ನೀವು ಮನೆಯವರನ್ನು ವ್ಯರ್ಥವಾಗಿ ಹೆದರಿಸುವುದೂ ಇಲ್ಲ, ಸುಳ್ಳು ಸಮಾಧಾನ ಹೇಳುವುದೂ ಇಲ್ಲ. ವರದಿಯ ಅರ್ಥವನ್ನು ವಿವರಿಸಬೇಕಾದವರು ವೈದ್ಯರೇ. ಅವರ ಮುಂದೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಉತ್ತರ ‘ಇದೆ’ ಎಂದೇ ಬಂದರೆ? ಆಗ ರೋಗ ಎಲ್ಲಿಯವರೆಗೆ ಹೋಗಿದೆ ಎಂದು ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ತಕ್ಕಂತೆ ಶಸ್ತ್ರಚಿಕಿತ್ಸೆ, ಔಷಧ ನಿರ್ಧಾರವಾಗುತ್ತದೆ. ಹರಡಿದ ಮೆಲನೋಮಾಕ್ಕೆ ಬಹುಕಾಲ ಹೇಳಿಕೊಳ್ಳುವಂತಹ ಔಷಧವಿರಲಿಲ್ಲ. ೨೦೦೨ರಲ್ಲಿ ಅನೇಕ ಮೆಲನೋಮಾಗಳಲ್ಲಿ ಬಿ-ರಾಫ್ ಎಂಬ ವಂಶವಾಹಿಯ ದೋಷವಿರುವುದು ತಿಳಿಯಿತು. ಅದನ್ನೇ ಗುರಿಯಾಗಿಸಿದ ಔಷಧ ೨೦೧೧ರಲ್ಲಿ ಬಂತು. ಅದೇ ವರ್ಷ ದೇಹದ ರೋಗನಿರೋಧಕ ಶಕ್ತಿಯ ಕಡಿವಾಣ ಸಡಿಲಿಸಿ ಕ್ಯಾನ್ಸರಿನ ಮೇಲೆ ಬಿಡುವ ಔಷಧವೂ ಬಂತು. ಈ ಎರಡನೆಯ ಹಾದಿಯನ್ನು ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅ‌ವರಿಗೆ ೨೦೧೮ರ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಔಷಧಗಳು ದುಬಾರಿ, ಎಲ್ಲರಿಗೂ ಫಲಿಸುವುದಿಲ್ಲ, ಅಂಗಾಲಿನ ಮೆಲನೋಮಾದಲ್ಲಿ ಬಿ-ರಾಫ್ ದೋಷವೂ ಕಡಿಮೆ. ಆದ್ದರಿಂದ ಬೇಗ ಪತ್ತೆಮಾಡಿ, ತೆಳ್ಳಗಿರುವಾಗಲೇ ಮಚ್ಚೆಯನ್ನು ತೆಗೆಸುವುದಕ್ಕಿಂತ ಮೇಲಾದ ಔಷಧ ನಮಗೆ ಇನ್ನೂ ಸಿಕ್ಕಿಲ್ಲ.

ಅದಕ್ಕಾಗಿ ನಿಮಗೆ ಒಂದು ಮನೆಗೆಲಸ. ಈ ಭಾನುವಾರ ಸ್ನಾನವಾದ ಮೇಲೆ ಬೆಳಕಿನಲ್ಲಿ ಕುಳಿತು ನಿಮ್ಮ ಅಂಗಾಲು, ಬೆರಳಸಂದು, ಉಗುರುಗಳನ್ನು ನೋಡಿಕೊಳ್ಳಿ. ಹಾಗೆಯೇ ಮನೆಯ ಹಿರಿಯರ ಕಾಲನ್ನೂ ನೋಡಿ. ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ. ನೋಡಿ ಎಂದು ಕೇಳಲು ಸಂಕೋಚ. ಹೊಸದಾಗಿ ಕಾಣಿಸಿಕೊಂಡ ಅಥವಾ ಬದಲಾಗುತ್ತಿರುವ ಕಪ್ಪು ಮಚ್ಚೆ, ಎರಡು ಅರ್ಧಗಳು ಹೊಂದದಿರುವುದು, ಅಂಚು ಕಚ್ಚುಕಚ್ಚಾಗಿರುವುದು, ಒಂದರಲ್ಲಿಯೇ ಹಲವು ಬಣ್ಣಗಳು, ಆರು ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಮಾಯದ ಹುಣ್ಣು, ಉಗುರಿನುದ್ದಕ್ಕೂ ಅಗಲವಾಗುತ್ತಿರುವ ಕಪ್ಪು ಗೆರೆ – ಇವುಗಳಲ್ಲಿ ಯಾವುದು ಕಂಡರೂ ಚರ್ಮವೈದ್ಯರಿಗೆ ತೋರಿಸಿ. ಬ್ಲೇಡಿನಿಂದ ಕೆತ್ತುವುದು, ಸುಣ್ಣ-ಸೋಡಾ ಹಚ್ಚಿ ಸುಡುವುದು ಖಂಡಿತ ಬೇಡ. ಅದರಿಂದ ರೋಗ ಹೋಗುವುದಿಲ್ಲ, ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ. ಕಂಡ ಮಚ್ಚೆಗಳಲ್ಲಿ ಹೆಚ್ಚಿನವು ನಿರುಪದ್ರವಿಯೇ ಆಗಿರುತ್ತವೆ. ಅದನ್ನು ವೈದ್ಯರ ಬಾಯಿಂದಲೇ ಕೇಳಿ ಸಮಾಧಾನದಿಂದ ಮನೆಗೆ ಬನ್ನಿ. ತೊಡೆಸಂದು, ಕಂಕುಳು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಎರಡು ಮೂರು ವಾರವಾದರೂ ಇಳಿಯದಿದ್ದರೆ ತಡಮಾಡಬೇಡಿ. ವೈದ್ಯರು ಸೂಜಿ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುತ್ತೀರಿ, ಕೆಲವರು ಪ್ರಯೋಗಾಲಯ ತಂತ್ರಜ್ಞರಾಗುತ್ತೀರಿ. ಸ್ಲೈಡಿಗೆ ಬಣ್ಣ ಹಾಕುವ ಕೈ ಅವಸರಪಟ್ಟರೆ ಅದನ್ನು ನೋಡುವ ಕಣ್ಣು ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ಈಗಿನಿಂದಲೇ ತಿಳಿದಿರಿ. ಮುಂದಿನ ಸಲ ಕಾಲೇಜಿನಲ್ಲಿ ಕೆನ್ನೆಯ ಕೋಶಗಳ ಪ್ರಯೋಗ ಬಂದಾಗ ತೆಳ್ಳಗೆ, ಸಮನಾಗಿ ಸವರಿ, ಸಾವಧಾನದಿಂದ ನೋಡಿ.